ಗುರಿಯ ಹಿಂದೆ ಏನಿದೆ?

ಏರ್ ರೈಫಲ್ ಡಬ್ಬದ ಮೇಲೆ ಬರೆದಿರೋ ಸ್ಪೀಡು, ಬ್ರಾಡ್‌ಬ್ಯಾಂಡ್ ಜಾಹೀರಾತಿನ 'ಅಪ್ ಟು' ಸ್ಪೀಡು, ಬೈಕ್ ಶೋರೂಮಿನವರು ಹೇಳೋ ಮೈಲೇಜು, ಮೂರೂ ಒಂದೇ ಜಾತಿ. ಸುಳ್ಳು ಅನ್ನೋಕಾಗಲ್ಲ. ಆದರೆ ಅದು ನಿಜವಾಗೋ ಸಂದರ್ಭ ನಿಮ್ಮ ಬದುಕಿನಲ್ಲಿ ಬರೋದು ಅಪರೂಪ.

ನನ್ನ ಆಫೀಸಿನ ಗೆಳೆಯನೊಬ್ಬ ಚಳ್ಳಕೆರೆ ತಾಲ್ಲೂಕಿನವನು. ಮನೆ, ಹೊಲ ಎರಡೂ ನಾಯಕನಹಟ್ಟಿ ಕಡೆ. ಬೋನಸ್ ಬಂದ ಖುಷಿಯಲ್ಲಿ ಒಂದು ಪಿಸಿಪಿ ಏರ್ ರೈಫಲ್ ತಗೊಂಡ. ಇದು ಜಾತ್ರೆಯಲ್ಲಿ ಬಲೂನು ಹೊಡೆಯೋ ಸ್ಪ್ರಿಂಗ್ ಗನ್ ಅಲ್ಲ. ನಳಿಗೆಯ ಕೆಳಗೊಂದು ಸಿಲಿಂಡರ್ ಇರುತ್ತೆ. ಅದಕ್ಕೆ 200 ಬಾರ್ ಒತ್ತಡದವರೆಗೆ ಗಾಳಿ ತುಂಬಬೇಕು. ನಿಮ್ಮ ಕಾರಿನ ಟೈರಿನಲ್ಲಿರೋದು ಎರಡು ಚಿಲ್ಲರೆ ಬಾರ್ ಅಂತ ನೆನಪಿಟ್ಟುಕೊಂಡರೆ ಇದು ಎಷ್ಟು ಅನ್ನೋ ಅಂದಾಜು ಸಿಗುತ್ತೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಸೆಕೆಂಡಿಗೆ 1000 ಅಡಿ. ನಮ್ಮ ಲೆಕ್ಕದಲ್ಲಿ 305 ಮೀಟರ್.

ನನಗೆ ತಲೆಗೆ ಹುಳ ಬಿಟ್ಟಿದ್ದು ಆ ಸಂಖ್ಯೆಯೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರದಿದ್ದರೆ ಮತ್ತು ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ದಾಟದಿದ್ದರೆ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಈಗ ಪಿಯುಸಿ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಶಕ್ತಿ. ಸಾಮಾನ್ಯವಾಗಿ ಬಳಸೋ 0.53 ಗ್ರಾಂ ಸೀಸದ ಪೆಲೆಟ್ ನಿಜವಾಗಲೂ 305 ಮೀಟರ್ ವೇಗದಲ್ಲಿ ಹೋದರೆ ಸುಮಾರು 24.6 ಜೂಲ್ ಆಗುತ್ತೆ. ಅಂದರೆ, ಡಬ್ಬ ಹೇಳೋದು ಪೂರ್ತಿ ನಿಜವಾದರೆ ಗೆಳೆಯನ ಕೈಯಲ್ಲಿರೋದು ಲೈಸೆನ್ಸ್ ಬೇಕಾದ ಆಯುಧ. ಸುಳ್ಳಾದರೆ ದುಡ್ಡು ದಂಡ. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಅಳೆಯೋದೊಂದೇ ದಾರಿ.

ಜನವರಿಯ ಒಂದು ಭಾನುವಾರ ಅವನ ಹೊಲಕ್ಕೆ ಹೋದೆವು. ಶೇಂಗಾ ಕಿತ್ತು ಮುಗಿದು ಹೊಲ ಬೋಳಾಗಿತ್ತು. ಎರವಲು ತಂದ ಕ್ರೋನೋಗ್ರಾಫ್, ಎರಡು ಜಾತಿ ಪೆಲೆಟ್, ಕಣ್ಣಿಗೆ ಕನ್ನಡಕ, ಹಳೇ ಬಟ್ಟೆ ತುರುಕಿದ ರಟ್ಟಿನ ಡಬ್ಬ, ಅದರ ಮೇಲೆ ಅಂಟಿಸೋಕೆ ಪ್ರಿಂಟ್ ತೆಗೆದ ಗುರಿಹಾಳೆ, ಎಲ್ಲ ಇತ್ತು. ಹೊಲದ ಬದುವಿಗೆ ಒರಗಿಸಿ ಡಬ್ಬ ಇಡೋಣ ಅಂತ ಗೆಳೆಯ ಹೊರಟ. ಅವನ ದೊಡ್ಡಪ್ಪ ಬೇವಿನ ಮರದ ಕೆಳಗೆ ಕೂತು ನೋಡ್ತಾ ಇದ್ದರು.

"ಹೊಡೀರಪ್ಪ, ಬ್ಯಾಡ ಅನ್ನಲ್ಲ. ಆ ಬದುವಿನ ಹಿಂದ್ಗಡೆ ಏನೈತೆ ಅಂತ ನೋಡಿದ್ಯೇನ್ಲಾ?"

"ಏನಿಲ್ಲ ದೊಡ್ಡಪ್ಪ, ಖಾಲಿ."

"ಖಾಲಿ ಅಂದ್ರೇನ್ಲಾ? ನಡೀರಿ, ನಾನೂ ಬತ್ತೀನಿ."

ಮೂವರೂ ಬದು ದಾಟಿ ನೋಡಿದೆವು. ಜಾಲಿ ಗಿಡ, ಕುರಿ ಹಿಕ್ಕೆ, ನಡೆದು ನಡೆದು ಸವೆದ ಕಾಲುದಾರಿ. "ಬೆಳಗ್ಗೆ ಮೇಯಕ್ಕೆ ಹೋದ ಕುರಿ ಐದು ಗಂಟಿಗೆ ಇದೇ ದಾರೀಲಿ ವಾಪಸ್ ಬರ್ತಾವೆ. ಹಿಂದೆ ಹುಡುಗ್ರೂ ಇರ್ತಾರೆ," ಅಂದರು ದೊಡ್ಡಪ್ಪ. ಬದು ಮೊಣಕಾಲೆತ್ತರ ಇತ್ತು ಅಷ್ಟೇ. ಕೈ ಸ್ವಲ್ಪ ಮೇಲೆದ್ದರೂ ಇಂಥ ರೈಫಲ್ಲಿನ ಪೆಲೆಟ್ ಮುನ್ನೂರು ಮೀಟರ್ ದಾಟಿ ಹೋಗಬಲ್ಲದು. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ, ಹತ್ತಿರದಿಂದ ತಗುಲಿದರೆ ಜೀವವೇ ಹೋಗಬಹುದು. ಹಳೇ ಬಾವಿ ತೋಡಿದಾಗ ಹಾಕಿದ್ದ ಆಳೆತ್ತರದ ಮಣ್ಣಿನ ಗುಡ್ಡೆ ಹೊಲದ ಇನ್ನೊಂದು ಮೂಲೆಯಲ್ಲಿತ್ತು. ಅದನ್ನೂ ಒಂದು ಸುತ್ತು ಹಾಕಿ ನೋಡಿ, ಗುರಿಯನ್ನು ಅದರ ಮುಂದೆ ಇಟ್ಟೆವು. ನಾಲ್ಕು ಗಂಟೆಗೆ ನಿಲ್ಲಿಸೋದು ಅಂತ ತೀರ್ಮಾನವಾಯ್ತು.

ಇನ್ನು ಅಳತೆ. ಸಿಲಿಂಡರ್‌ಗೆ ಗಾಳಿ ತುಂಬೋದು ಕೈಪಂಪಿನಲ್ಲಿ. ನೋಡೋಕೆ ಸೈಕಲ್ ಪಂಪಿನ ಹಾಗೇ ಇದೆ. ಆದರೆ 150 ಬಾರ್ ದಾಟಿದ ಮೇಲೆ ಇಡೀ ಮೈ ಭಾರ ಹಾಕಿ ಒತ್ತಬೇಕು. ಜಿಮ್ ಮೆಂಬರ್‌ಶಿಪ್ ಇರೋ ಇಬ್ಬರೂ ಬೆವರು ಸುರಿಸಿದ್ದನ್ನು ನೋಡಿ ದೊಡ್ಡಪ್ಪ ನಕ್ಕರು.

ಕ್ರೋನೋಗ್ರಾಫ್ ಕೆಲಸ ಸರಳ. ಎರಡು ಸೆನ್ಸರ್, ನಡುವೆ ಗೊತ್ತಿರೋ ಅಂತರ. ಪೆಲೆಟ್ ಒಂದನ್ನು ದಾಟಿ ಇನ್ನೊಂದನ್ನು ದಾಟೋಕೆ ತಗೊಂಡ ಸಮಯದಿಂದ ವೇಗ ಹೇಳುತ್ತೆ. 0.53 ಗ್ರಾಂ ಪೆಲೆಟ್ ಹತ್ತು ಸಲ ಹೊಡೆದಾಗ ಸರಾಸರಿ 262 ಮೀಟರ್ ಬಂತು. ಅಂದರೆ 18.2 ಜೂಲ್. ಕಾನೂನಿನ ಗೆರೆಯ ಒಳಗೇ ಇದೆ. ಗೆಳೆಯನ ಮುಖಕ್ಕೆ ಬಣ್ಣ ಬಂತು. ಆಮೇಲೆ 0.34 ಗ್ರಾಂನ ಹಗುರ ಮಿಶ್ರಲೋಹದ ಪೆಲೆಟ್ ಹಾಕಿದೆವು. ಮೀಟರ್ 305ರ ಆಸುಪಾಸು ತೋರಿಸಿತು. ಡಬ್ಬದ 1000 ಅಡಿ ಅಲ್ಲೇ ಸಿಕ್ಕಿಬಿತ್ತು! ಆದರೆ ಶಕ್ತಿ ಬರೀ 15.8 ಜೂಲ್. ಸ್ಪೀಡು ಜಾಸ್ತಿ, ಏಟು ಕಡಿಮೆ. ಡಬ್ಬ ಸುಳ್ಳು ಹೇಳಿರಲಿಲ್ಲ, ಯಾವ ಪೆಲೆಟ್ ಅಂತ ಹೇಳಿರಲಿಲ್ಲ ಅಷ್ಟೇ.

ನಿಖರತೆಯಲ್ಲಿ ವ್ಯತ್ಯಾಸ ಇನ್ನೂ ಜೋರಾಗಿತ್ತು. 25 ಮೀಟರ್ ದೂರ, ನಳಿಗೆಯ ಕೆಳಗೆ ಮರಳಿನ ಚೀಲ, ಒಂದು ಹಾಳೆಗೆ ಐದು ಪೆಲೆಟ್. ಇಲ್ಲಿ ನೋಡಬೇಕಾದ್ದು ಪೆಲೆಟ್ ನಡುವಿನ ಚುಕ್ಕೆಗೆ ಬಿತ್ತಾ ಅಂತಲ್ಲ, ಐದೂ ಒಂದೇ ಕಡೆ ಬಿದ್ದವಾ ಅಂತ. ಒಟ್ಟಿಗೆ ಬಿದ್ದು ಪಕ್ಕಕ್ಕೆ ಹೋಗಿದ್ದರೆ ಸ್ಕೋಪ್ ತಿರುಗಿಸಿ ಸರಿ ಮಾಡಬಹುದು. ಚೆಲ್ಲಾಪಿಲ್ಲಿ ಆಗಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಉಪಯೋಗ ಇಲ್ಲ. ಸೀಸದ ಪೆಲೆಟ್‌ಗಳ ಐದೂ ತೂತು 15 ಮಿಲಿಮೀಟರ್ ಒಳಗೆ ಬಿದ್ದವು. ಹಗುರದವು 45 ಮಿಲಿಮೀಟರ್ ಹರಡಿದವು. ಶಬ್ದದ ವೇಗದ ಹತ್ತಿರ ಹೋದಷ್ಟೂ ಪೆಲೆಟ್ ಗಾಳಿಯಲ್ಲಿ ತೊನೆಯೋದು ಹೆಚ್ಚು. ಹಗುರ ಇದ್ದರಂತೂ ಸಣ್ಣ ಗಾಳಿಗೂ ಪಕ್ಕಕ್ಕೆ ಸರಿಯುತ್ತೆ. ಮಧ್ಯಾಹ್ನ ಬಯಲುಸೀಮೆಯ ಗಾಳಿ ಎದ್ದ ಮೇಲೆ ಸೀಸದ ಗುಂಪೂ ಬಲಕ್ಕೆ ಹೋಯ್ತು. ಸಿಲಿಂಡರ್ ಒತ್ತಡ ಇಳಿದ ಹಾಗೆ ಕೆಳಕ್ಕೂ ಇಳಿಯಿತು.

ನಿಖರತೆಗೆ ಶಕ್ತಿ ಬೇಕೇ ಬೇಕು ಅನ್ನೋರಿಗೆ ಒಂದು ಉದಾಹರಣೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಸ್ಪರ್ಧೆಯ ರೈಫಲ್‌ಗಳ ಶಕ್ತಿ ಸುಮಾರು 7–8 ಜೂಲ್, ಅಂದರೆ ನಮ್ಮದರ ಅರ್ಧಕ್ಕಿಂತ ಕಡಿಮೆ. ಅವರು ಹೊಡೆಯೋ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್.

ನಾಲ್ಕಕ್ಕೆ ಎಲ್ಲ ಕಟ್ಟಿಟ್ಟು ಚಹಾ ಕುಡೀತಾ ಕೂತಾಗ ನನ್ನ ತಲೆಯಲ್ಲಿ ಸುತ್ತುತ್ತಾ ಇದ್ದಿದ್ದು ಜೂಲ್ ಅಲ್ಲ, 'ಖಾಲಿ' ಅನ್ನೋ ಪದ. ಕಾರಣ, ಅದೇ ಸೀಮೆಯಲ್ಲಿ ವರವು ಕಾವಲ್ ಇದೆ. ಡಿಆರ್‌ಡಿಒ ತನ್ನ ಏರೋನಾಟಿಕಲ್ ಟೆಸ್ಟ್ ರೇಂಜ್ ಕಟ್ಟಿರೋದು ಅಲ್ಲೇ, 4,000 ಎಕರೆಗೂ ಹೆಚ್ಚು ಜಾಗದಲ್ಲಿ. 2016ರ ನವೆಂಬರ್‌ನಲ್ಲಿ ರುಸ್ತುಂ-2 ಡ್ರೋನ್ ಮೊದಲ ಸಲ ಹಾರಿದ್ದು ಅಲ್ಲಿಂದ. ಇಸ್ರೋದ 'ಪುಷ್ಪಕ್' ಇಳಿದಿದ್ದೂ ಅದೇ ರನ್‌ವೇ ಮೇಲೆ. 2024ರ ಜೂನ್ 23ರ ಪ್ರಯೋಗದಲ್ಲಿ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು, ರನ್‌ವೇ ನೇರಕ್ಕೆ ಬಿಡದೆ, ಬೇಕಂತಲೇ 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ಹಿಂದಿನ ಸಲ ಆ ಅಂತರ 150 ಮೀಟರ್ ಇತ್ತು. ತಾನೇ ದಾರಿ ತಿದ್ದಿಕೊಂಡು ಬಂದು ರನ್‌ವೇಯ ನಡುಗೆರೆಯ ಮೇಲೆ ಇಳಿಯಿತು. ನಿಖರತೆಯ ಪರೀಕ್ಷೆ ಅಂದರೆ ಅದು.

ಇಂಥ ಪರೀಕ್ಷೆ ಬೆಂಗಳೂರಿನ ಮೇಲೆ ಮಾಡೋಕಾಗಲ್ಲ, ಒಪ್ತೀನಿ. ದೊಡ್ಡ ಬಯಲು ಬೇಕು. ಆದರೆ ಕಾವಲ್ ಯಾವತ್ತೂ ಖಾಲಿ ಇರಲಿಲ್ಲ. ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ಕಾಯ್ದುಕೊಂಡು ಬಂದ ಹುಲ್ಲುಗಾವಲುಗಳು. ಹೈದರ್, ಟಿಪ್ಪು ಸೈನ್ಯದ ಫಿರಂಗಿ ಎಳೆದ ಎತ್ತುಗಳು ಮೇಯ್ದಿದ್ದು ಇಂಥ ಹುಲ್ಲನ್ನೇ. ಆಮೇಲೂ ಊರಿನ ಕುರಿ, ದನ, ಕೃಷ್ಣಮೃಗ ಎಲ್ಲಕ್ಕೂ ಅದೇ ಆಸರೆ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡೋ ಕುರಿಗೂ ಹುಲ್ಲು ಬೇಕಲ್ವಾ? ಸಂಸ್ಥೆಗಳಿಗೆ ಕಾವಲು ಹಂಚಿ ಗೋಡೆಗಳು ಎದ್ದಾಗ ಊರಿನವರು ವಿರೋಧಿಸಿದರು. 2013ರಲ್ಲಿ ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿ ಮುಂದೆಯೂ ಹೋಯಿತು. ನಮ್ಮಂಥವರ ಕಣ್ಣಿಗೆ ಕಟ್ಟಡ ಇಲ್ಲ ಅಂದರೆ ಜಾಗ ಖಾಲಿ. ಅಲ್ಲಿ ನಡೆದಾಡೋರಿಗೆ ಅದು ದಾರಿ.

ಇನ್ನೊಂದು, ಪರೀಕ್ಷೆ ಗೋಡೆಯ ಒಳಗೇ ಇರುತ್ತೆ ಅನ್ನೋ ಭರವಸೆಯೂ ಇಲ್ಲ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಚಳ್ಳಕೆರೆ ತಾಲ್ಲೂಕಿನ ಜೋಡಿ ಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲಕ್ಕೆ ಬಿತ್ತು. ಎರಡೂ ಸಲ ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ಹೊಸ ಯಂತ್ರ ಬೀಳೋದು ಸಹಜ, ಬೀಳಬಹುದು ಅಂತಲೇ ಪರೀಕ್ಷೆ ಮಾಡೋದು. ಆದರೆ ಬೀಳೋ ಜಾಗದಲ್ಲಿ ಯಾರೋ ಇರ್ತಾರೆ ಅನ್ನೋದೂ ಲೆಕ್ಕದಲ್ಲಿರಬೇಕು.

ಆಫೀಸಿನಲ್ಲಿ ನಾವು ಅಪರೂಪಕ್ಕೆ ಆಗೋದನ್ನೆಲ್ಲ 'ಎಡ್ಜ್ ಕೇಸ್' ಅಂತ ಪಟ್ಟಿಯ ಕೆಳಗೆ ತಳ್ತೀವಿ. ದೊಡ್ಡಪ್ಪನ ಲೆಕ್ಕದಲ್ಲಿ ಅದು ದಿನಾ ಐದು ಗಂಟೆಗೆ ಕುರಿ ಹಿಂದೆ ಬರೋ ಹುಡುಗ.

ಗೆಳೆಯನ ನೋಟ್‌ಬುಕ್ಕಿನಲ್ಲಿ ಈಗ ಪೆಲೆಟ್ ತೂಕ, ವೇಗ, ಒತ್ತಡ, ಗುಂಪಿನ ಅಗಲ, ಎಲ್ಲಕ್ಕೂ ಒಂದೊಂದು ಕಾಲಂ ಇದೆ. ಅವೆಲ್ಲಕ್ಕಿಂತ ಮೊದಲನೇ ಕಾಲಂ ಮಾತ್ರ ಆಮೇಲೆ ಸೇರಿಸಿದ್ದು: 'ಹಿಂದೆ ಏನಿದೆ'. ಅದು ತುಂಬದೆ ಮುಂದಿನದ್ದು ಬರೆಯಲ್ಲ ಅಂತ ಅವನ ನಿಯಮ. ನೀವೂ ಏರ್ ರೈಫಲ್ ತಗೊಳ್ಳೋ ಯೋಚನೆಯಲ್ಲಿದ್ದರೆ ಡಬ್ಬದ ಸ್ಪೀಡು ಮರೆತು, ಪೆಲೆಟ್ ತೂಕ ಕೇಳಿ, ಜೂಲ್ ಲೆಕ್ಕ ಹಾಕಿ. ಹೊಡೆಯೋ ಮೊದಲು ಎದ್ದು ಹೋಗಿ ಗುರಿಯ ಹಿಂದೆ ನಿಂತು ನೋಡಿ.