ಮೀನಿಲ್ಲದ ತೊಟ್ಟಿ

ತಿಳಿಯಾಗಿ ಕಾಣುವ ನೀರೆಲ್ಲ ಮೀನಿಗೆ ಯೋಗ್ಯವಲ್ಲ. ಮೀನು ಹೊರಹಾಕುವ ಅಮೋನಿಯಾ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತದೆ. ಅದೂ ವಿಷವೇ; ರಕ್ತ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತದೆ. ಹೊಸ ತೊಟ್ಟಿಯ ಫಿಲ್ಟರಿನಲ್ಲಿ ಇವೆರಡೂ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಈ ಕೆಲಸಕ್ಕೆಂದೇ ಒಂದೆರಡು ಅಗ್ಗದ ಮೀನು ಬಿಡುವ ರೂಢಿಯಿತ್ತು. ಬದುಕಿದರೆ ಬದುಕಲಿ, ಸತ್ತರೆ ಸಾಯಲಿ ಎಂಬ ಲೆಕ್ಕ. ನಮ್ಮ ಆತುರದ ಬೆಲೆಯನ್ನು ಮೂಕಜೀವಿಗಳೇಕೆ ತೆರಬೇಕು?

ನಾವು ಮೀನಿನ ಬದಲು, ಕ್ಲೋರಿನ್ ಕಳೆದ ನೀರಿಗೆ ಅಮೋನಿಯಾವನ್ನೇ ಅಳೆದು ಹನಿಸುತ್ತಿದ್ದೇವೆ. ಇಂದಿಗೆ 22 ದಿನ. ಮನೆಗೆ ಬಂದವರು ಖಾಲಿ ನೀರು ನೋಡಿ ನಗುತ್ತಾರೆ. ಮೀನುಗಳಿಗೆ ಮೊದಲ ದಿನವೇ ಹೆಸರಿಟ್ಟ ಮಗಳಿಗೆ ಆ ನಗು ಸಹಿಸುವುದು ಕಷ್ಟ. ಸಂಜೆ ಪರೀಕ್ಷಾ ನಳಿಕೆಯ ಬಣ್ಣ ನೋಡುವ ಕೆಲಸವನ್ನು ಅವಳಿಗೇ ಬಿಟ್ಟಿದ್ದೇನೆ. ಹಾಕಿದ ಅಮೋನಿಯಾ 24 ಗಂಟೆಯೊಳಗೆ ಕರಗಿ, ನೈಟ್ರೈಟ್ ಕೂಡ ಸೊನ್ನೆಗಿಳಿಯಬೇಕು. ಬಳಿಕ ಹೆಚ್ಚಿನ ನೀರು ಬದಲಿಸಿ ಮೀನು ಬಿಡಬಹುದು. ನಿನ್ನೆ ಅಮೋನಿಯಾ ಸೊನ್ನೆಯಾಗಿತ್ತು. ನೈಟ್ರೈಟಿನ ನಳಿಕೆ ಮಾತ್ರ ಇನ್ನೂ ಗಾಢ ನೇರಳೆ.

“ಹಾಗಾದರೆ ಇವತ್ತೂ ಬೇಡ ಅಪ್ಪಾ” ಎಂದಳು. ನಾನು ಕೇಳಿರಲೇ ಇಲ್ಲ.