ಹೊಗೆಯೋ, ಮಂಜೋ?

ತತ್ತ್ವಶಾಸ್ತ್ರವೆಂದರೆ ಸಂಸಾರಕ್ಕೆ ಬೇಸತ್ತವರು ಇಳಿವಯಸ್ಸಿನಲ್ಲಿ ಕೈಗೆತ್ತಿಕೊಳ್ಳುವ ಓದು ಎಂಬ ಭಾವನೆ ನಮ್ಮವರಲ್ಲಿ ಇನ್ನೂ ಉಳಿದಿದೆ. ಹದಿನೆಂಟರ ಹರೆಯದಲ್ಲಿ ವಿಶ್ವವಿದ್ಯಾನಿಲಯಕ್ಕೆ ಶುಲ್ಕ ಕಟ್ಟಿ ಅದನ್ನು ಓದುವುದೆಂದರೆ ಕೇಳಿದವರಿಗೆ ಸೋಜಿಗ. ಆದರೆ ಕನ್ನಡ ನಾಡಿನಲ್ಲಿ ಈ ಓದಿಗೆ ದೊಡ್ಡ ಪರಂಪರೆಯೇ ಇದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಎರಡೇ ವರ್ಷಕ್ಕೆ ಸರ್ವಪಲ್ಲಿ ರಾಧಾಕೃಷ್ಣನ್ ಅವರು ಅಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣ ಮುಟ್ಟಿಸಿದ ಸಂಗತಿ ಎಲ್ಲರೂ ಬಲ್ಲದ್ದು. ಸಂಸ್ಕೃತದ ಪ್ರಾಧ್ಯಾಪಕ ಎಂ. ಹಿರಿಯಣ್ಣನವರು ಮೈಸೂರಿನಲ್ಲಿ ಹೇಳಿದ ಪಾಠಗಳು 1932ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಭಾರತೀಯ ದರ್ಶನಗಳನ್ನು ಅರಿಯಬಯಸುವವರು ಇಂದಿಗೂ ಅದನ್ನು ತೆರೆಯುತ್ತಾರೆ.

ಈ ಪರಂಪರೆಯ ಅಂಚಿನಲ್ಲಿ ಕುಳಿತು ಮೂರು ವರ್ಷ ಪಾಠ ಕೇಳುವ ಭಾಗ್ಯ ನನಗೂ ದೊರೆಯಿತು. ಮನೆಯಲ್ಲಿ ಬಡಗು, ಊರ ಶಾಲೆಯಲ್ಲಿ ತಮಿಳು. ಗುಂಡ್ಲುಪೇಟೆಯ ಪರಿಚಿತರ ಮನೆಯಲ್ಲಿದ್ದು ಹೈಸ್ಕೂಲು ಓದಿದ್ದರಿಂದ ಕನ್ನಡವೂ ನನ್ನದಾಗಿತ್ತು. ರಜೆ ಮುಗಿದಾಗಲೆಲ್ಲ ನಂಜನಾಡಿನಿಂದ ಉದಕಮಂಡಲಕ್ಕೆ ಬಂದು, ಗೂಡಲೂರು, ತೆಪ್ಪಕಾಡು, ಬಂಡೀಪುರಗಳ ಮೂಲಕ ಮೈಸೂರು ಸೇರುತ್ತಿದ್ದೆ. ಬಿ.ಎ. ತರಗತಿಯಲ್ಲಿ ಇತಿಹಾಸದೊಡನೆ ತತ್ತ್ವಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಂಡೆ.

ತರ್ಕದ ಪಾಠದಲ್ಲಿ ಮೊದಲು ಬಂದ ಉದಾಹರಣೆ ಬೆಟ್ಟದ್ದು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ. ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ನ್ಯಾಯದರ್ಶನ ಇದನ್ನು ಐದು ಅವಯವಗಳಾಗಿ ವಿಂಗಡಿಸುತ್ತದೆ. ಬಯಲುಸೀಮೆಯ ಸಹಪಾಠಿಗಳು ಇದನ್ನು ಬರೆದುಕೊಂಡು ಮುಂದೆ ಸಾಗಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ನೀಲಗಿರಿಯಲ್ಲಿ ಹುಟ್ಟಿದವನಿಗೆ ಬೆಟ್ಟದ ಮೇಲೆ ಬೆಳ್ಳಗೆ ಏಳುವುದೆಲ್ಲ ಹೊಗೆಯಲ್ಲವೆಂದು ಗೊತ್ತು. ಸಂಕೋಚದಿಂದಲೇ ಎದ್ದುನಿಂತು, 'ಅದು ಮಂಜಾಗಿದ್ದರೆ?' ಎಂದು ಕೇಳಿದೆ. ಅಧ್ಯಾಪಕರು ನಗಲಿಲ್ಲ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದೇ ಸಂದೇಹವನ್ನು ಎತ್ತಿದ್ದಾನೆಂದೂ, ಹೊಗೆಯೋ ಆವಿಯೋ ನಿಶ್ಚಯವಾಗದಿರುವಾಗ ಅದನ್ನು ಕಾರಣವಾಗಿ ಒಡ್ಡುವುದು ದೋಷವೆಂದೂ, ಅದಕ್ಕೆ 'ಸಂದಿಗ್ಧಾಸಿದ್ಧ' ಎಂದು ಹೆಸರೆಂದೂ ತಿಳಿಸಿದರು. ನನ್ನ ಹಟ್ಟಿಯ ಬೆಳಗಿಗೂ ಸಾವಿರಾರು ವರ್ಷದ ಹಿಂದಿನ ಶಾಸ್ತ್ರಕ್ಕೂ ನಂಟಿದೆಯೆಂದು ಆ ದಿನ ಅರಿತೆ.

ಈ ಪಾಠ ಕೆಲಸಕ್ಕೆ ಬಂದುದು ಮುಖ್ಯೋಪಾಧ್ಯಾಯನಾದ ಮೇಲೆ. ಒಂದು ಶಾಲೆಯಲ್ಲಿ ಗಣಿತದ ಅರ್ಧವಾರ್ಷಿಕ ಪರೀಕ್ಷೆಯ ಮೂರು ಉತ್ತರಪತ್ರಿಕೆಗಳಲ್ಲಿ ಒಂದು ಲೆಕ್ಕಕ್ಕೆ ಒಂದೇ ತಪ್ಪು ಉತ್ತರವಿತ್ತು, ತಪ್ಪಿದ ಹಂತವೂ ಒಂದೇ. ನಕಲು ನಡೆದಿದೆ, ಮೂವರನ್ನೂ ಪರೀಕ್ಷೆಯಿಂದ ಹೊರಗಿಡಬೇಕು ಎಂದು ವಿಷಯ ಶಿಕ್ಷಕರು ಪಟ್ಟುಹಿಡಿದರು. ಮೂವರೂ ತೋಟದ ಕೂಲಿಕಾರರ ಮಕ್ಕಳು. ಅವರ ಪರ ಮಾತನಾಡುವವರು ಯಾರೂ ಇರಲಿಲ್ಲ. ಒಂದೇ ತಪ್ಪು ಹೊಗೆಯೋ ಮಂಜೋ ಎಂದು ನೋಡಬೇಕೆನಿಸಿ ತರಗತಿಯ ಎಲ್ಲರ ನೋಟ್‌ಪುಸ್ತಕಗಳನ್ನೂ ತರಿಸಿದೆ. ಆ ತಪ್ಪು ಹಂತ ಎಲ್ಲ ಪುಸ್ತಕಗಳಲ್ಲಿಯೂ ಇತ್ತು. ಅದು ಕಪ್ಪುಹಲಗೆಯಿಂದಲೇ ಇಳಿದು ಬಂದಿತ್ತು. ಮೂವರೂ ಪರೀಕ್ಷೆ ಮುಂದುವರಿಸಿದರು. ಅವರಲ್ಲೊಬ್ಬ ಇಂದು ಸರ್ಕಾರಿ ನೌಕರಿಯಲ್ಲಿದ್ದಾನೆ. ತತ್ತ್ವಶಾಸ್ತ್ರದಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾನು ಈ ಸಂಗತಿಯನ್ನು ಹೇಳುತ್ತೇನೆ.

ಕಳೆದ ವರ್ಷ ಇದೇ ಪ್ರಶ್ನೆ ನಮ್ಮೂರಿನ ಒಂದು ಮನೆಯಲ್ಲಿ ವಾಗ್ವಾದಕ್ಕೆ ಕಾರಣವಾಯಿತು. ಹನ್ನೆರಡನೆಯ ತರಗತಿ ಮುಗಿಸಿದ ಹುಡುಗಿ ಮೈಸೂರಿಗೆ ಹೋಗಿ ತತ್ತ್ವಶಾಸ್ತ್ರ ಓದುವೆನೆಂದಳು. ತಂದೆ ನನ್ನ ಹಳೆಯ ವಿದ್ಯಾರ್ಥಿ. 'ಸಾರ್, ಆಲೂಗಡ್ಡೆಗೆ ಬೆಲೆಯಿಲ್ಲ, ಟೀ ಎಲೆಗೆ ಬೆಲೆಯಿಲ್ಲ. ಸಾಲ ಮಾಡಿ ಓದಿಸುವುದು ಕೆಲಸ ಸಿಗದ ಓದಿಗೋ? ನೀವೇ ಬುದ್ಧಿ ಹೇಳಿ' ಎಂದ. ಅವನ ಅಂಜಿಕೆ ಸುಳ್ಳಲ್ಲ.

ಹುಡುಗಿಯನ್ನು ಕೇಳಿದೆ. ಅವಳ ಕಾರಣ ಬೇರೆಯೇ ಇತ್ತು. ಹೆತ್ತೆ ತೀರಿಕೊಂಡಾಗ 'ಕರು ಹರಸುವ' ವಿಧಿ ನಡೆದಿತ್ತು. ಸತ್ತವರ ಪಾಪಗಳನ್ನು ಹಿರಿಯರು ಒಂದೊಂದಾಗಿ ಹೇಳಿ, ನೆರೆದವರು ದನಿಗೂಡಿಸಿ, ಪಾಪ ಕಳೆಯಲೆಂದು ಬೇಡುವ ಬಡಗರ ಹಳೆಯ ಆಚಾರವಿದು. 'ಆ ಪಾಪಗಳಲ್ಲಿ ಒಂದನ್ನೂ ಹೆತ್ತೆ ಮಾಡಿರಲಿಲ್ಲ. ಮಾಡದ ಪಾಪವನ್ನು ಅವಳ ಹೆಸರಿನಲ್ಲಿ ಏಕೆ ಹೇಳಬೇಕು? ಮಾಡಿದ್ದರೂ ಬೇರೆಯವರು ಬೇಡಿಕೊಂಡರೆ ಅದು ಹೇಗೆ ಹೋಗುತ್ತದೆ?' ಎಂದಳು. ಅವರವರ ಕರ್ಮ ಅವರವರಿಗೆ ಎಂದು ತರಗತಿಯಲ್ಲಿ ಕೇಳಿದ ದಿನ, ನಾನೂ ನಮ್ಮೂರಿನ ಈ ಆಚಾರವನ್ನು ನೆನೆದು ನಿದ್ದೆಗೆಟ್ಟಿದ್ದೆ. ಅದು ತಪ್ಪೊಪ್ಪಿಗೆಯೋ, ಇಡೀ ಊರು ಹೊಣೆ ಹೊರುವ ಬಗೆಯೋ, ಉಳಿದವರಿಗೆ ಹೇಳುವ ನೀತಿಯೋ, ನಾನು ಇಂದಿಗೂ ಯೋಚಿಸುತ್ತಿದ್ದೇನೆ.

ತಂದೆಗೆ ನಾನು ಹೇಳಿದ್ದು ಇಷ್ಟು. ಇದು ಹಟವಲ್ಲ, ನಿಜವಾದ ಪ್ರಶ್ನೆ. ಪ್ರಶ್ನೆಯಿರುವವರು ಓದನ್ನು ನಡುವೆ ಬಿಡುವುದಿಲ್ಲ. ಎಳವೆಯಲ್ಲೇ ಮನೆಯವರ ಸಾವುಗಳನ್ನು ಕಂಡ ಎಸ್.ಎಲ್. ಭೈರಪ್ಪನವರೂ ಸಾವಿನ ಪ್ರಶ್ನೆಯನ್ನು ಹಿಡಿದೇ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿದರು. ಅದನ್ನೇ ಬೋಧಿಸಿ ಬದುಕಿದರು, ಕಾದಂಬರಿಗಳನ್ನೂ ಬರೆದರು. ಆದರೆ ಅನ್ನದ ದಾರಿಯೂ ಬೇಕು. ಶಾಲೆಗಳಲ್ಲಿ ತತ್ತ್ವಶಾಸ್ತ್ರ ಬೋಧನಾ ವಿಷಯವಲ್ಲ. ನನಗೂ ಕೆಲಸ ದೊರಕಿಸಿದ್ದು ಇತಿಹಾಸ. ಆದ್ದರಿಂದ ಜೊತೆಗೆ ಇತಿಹಾಸವಿರಲಿ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರ ಐಚ್ಛಿಕ ವಿಷಯವಾಗಿದೆ. 2013ರಿಂದ ನೀತಿಶಾಸ್ತ್ರದ ಪತ್ರಿಕೆಯನ್ನು ಎಲ್ಲರೂ ಬರೆಯಬೇಕು.

ಅವನು ಎರಡು ದಿನ ಯೋಚಿಸಿ ಅರ್ಜಿಯಲ್ಲಿ ಎರಡೂ ವಿಷಯಗಳನ್ನು ಬರೆಸಿದ. ಹುಡುಗಿ ಈಗ ಮೈಸೂರಿನಲ್ಲಿದ್ದಾಳೆ. ಆದರೆ ಹಾಸ್ಟೆಲಿನ ಶುಲ್ಕ ಹೊಂದಿಸುವಷ್ಟರಲ್ಲಿ ಆ ಮನೆಯವರು ಪಟ್ಟ ಪಾಡನ್ನು ಕಂಡಿದ್ದೇನೆ. ಗಡಿಯಾಚೆಯ ಕನ್ನಡ ಸಂಘಗಳು ವರ್ಷಕ್ಕೆ ಒಬ್ಬ ಮಗುವಿನ ಈ ಖರ್ಚನ್ನಾದರೂ ವಹಿಸಿಕೊಂಡರೆ ಈ ಸಮ್ಮೇಳನದ ನೆನಪು ಸಂಚಿಕೆಯ ಪುಟಗಳಾಚೆಗೂ ಉಳಿದೀತು.