ನೀರಿನ ಬದಿಯ ಕೋಣೆ

ನಮ್ಮ ಬಂಟ್ವಾಳದಲ್ಲಿ ಹೊಳೆಯ ಬದಿಯ ಮನೆಯೆಂದರೆ ಕೊಳ್ಳುವವರು ಎರಡು ಸಲ ಯೋಚಿಸುತ್ತಾರೆ. 1923ರ ನೆರೆ, 1974ರ ನೆರೆ ಎಂದು ಹಿರಿಯರು ಕಾಲವನ್ನು ಅಳೆಯುತ್ತಿದ್ದುದೇ ನೇತ್ರಾವತಿಯ ಕೋಪದಿಂದ. ನೀರು ಹತ್ತಿರವಾದಷ್ಟೂ ಬೆಲೆ ಇಳಿಯುವುದು ಇಲ್ಲಿಯ ಲೆಕ್ಕ. ನೀರು ಹತ್ತಿರವಾದಷ್ಟೂ ಬೆಲೆ ಏರುವ ಊರೂ ಲೋಕದಲ್ಲಿ ಉಂಟೆಂದು ನನಗೆ ಮನವರಿಕೆಯಾದದ್ದು 2024ರ ನವೆಂಬರಿನಲ್ಲಿ, ದುಬಾಯಿಯಲ್ಲಿ.

ಅಲ್ಲಿಯ ಕನ್ನಡಿಗರು ರಾಜ್ಯೋತ್ಸವದ ಭಾಷಣಕ್ಕೆ ಕರೆದಿದ್ದರು. ಕನ್ನಡ ಮೇಷ್ಟರಿಗೆ ವರುಷಕ್ಕೆ ಸುಗ್ಗಿಯೆಂಬುದು ಅದೊಂದೇ ತಿಂಗಳು; ಒಪ್ಪಿದೆ. ಪರಿಚಿತರ ಮನೆಯಲ್ಲಿ ಒಂದು ಚಾಪೆ ಸಿಕ್ಕೀತೆಂದು ಎಣಿಸಿದ್ದ ನನ್ನನ್ನು ಯಾರೋ ಉದಾರಿಗಳು ಖೋರಿನ ದಡದ ಭಾರಿ ಹೋಟೆಲಿನಲ್ಲಿ ಎರಡು ರಾತ್ರಿಗೆ ಇಳಿಸಿಬಿಟ್ಟರು. ಖೋರ್ ಎಂದರೆ ಕಡಲು ಊರೊಳಕ್ಕೆ ಚಾಚಿದ ಉಪ್ಪುನೀರಿನ ತೋಳು. ಹಳೆಯ ದುಬಾಯಿ ಬೆಳೆದದ್ದೇ ಅದರ ಎರಡು ದಡಗಳಲ್ಲಿ.

ಕೋಣೆಯ ವೈಭವವನ್ನು ಏನೆಂದು ಹೇಳಲಿ! ಒಬ್ಬನ ತಲೆಗೆ ಆರು ದಿಂಬುಗಳು. ಪರದೆ ಸರಿಸಲು ಒಂದು ಗುಂಡಿ, ದೀಪ ಆರಿಸಲು ಇನ್ನೊಂದು. ಯಾವುದು ಯಾವುದಕ್ಕೆಂದು ತಿಳಿಯುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ಸ್ನಾನದ ಮನೆಯಂತೂ ನಮ್ಮ ಅಧ್ಯಾಪಕರ ಕೊಠಡಿಗಿಂತ ದೊಡ್ಡದು. ಬೆಳಿಗ್ಗೆ ನೂರು ಬಗೆಯ ತಿಂಡಿಗಳ ನಡುವೆ ತಟ್ಟೆ ಹಿಡಿದು ನಿಂತು, ಕುಚ್ಚಲಕ್ಕಿಯ ಗಂಜಿಯನ್ನು ನೆನೆದವನು ನಾನೊಬ್ಬನೇ ಇರಬೇಕು.

ಕಿಟಕಿಯಿಂದ ಮರದ ಹಡಗುಗಳು ಕಾಣುತ್ತಿದ್ದವು. ಮಂಗಳೂರಿನ ಬಂದರದಲ್ಲಿ ನಾವು ಮಂಜಿ ಎನ್ನುತ್ತೇವಲ್ಲ, ಅವುಗಳ ದಾಯಾದಿಗಳು. ಟಯರು, ಚೀಲ, ತಣ್ಣಗಿಡುವ ಪೆಟ್ಟಿಗೆಗಳನ್ನು ಹೇರಿಕೊಂಡು ಇರಾನಿನ ಕಡೆಗೆ, ಆಫ್ರಿಕದ ಕಡೆಗೆ ಹೊರಡುವಂಥವು. ನೋಡುತ್ತ ನಿಂತವನಿಗೆ ಮೂಡುಬಿದಿರೆ ನೆನಪಾಯಿತು. 1430ರಲ್ಲಿ ಕಟ್ಟಿದ ಅಲ್ಲಿಯ ಸಾವಿರ ಕಂಬದ ಬಸದಿಯ ಕಲ್ಲಿನಲ್ಲಿ ಜಿರಾಫೆಯೂ ಉಂಟು, ಚೀನದ ಡ್ರ್ಯಾಗನ್ನೂ ಉಂಟು. ನಮ್ಮ ಕರಾವಳಿಯ ಅಕ್ಕಿ ಮೆಣಸುಗಳು ಅರಬರ ಹಡಗೇರಿ ಹೋಗುತ್ತಿದ್ದ ಕಾಲದ ಸಾಕ್ಷಿಗಳು ಅವು. ಪ್ರತಿ ವರುಷ ವಿದ್ಯಾರ್ಥಿಗಳಿಗೆ ಅದನ್ನು ತೋರಿಸುತ್ತೇನೆ. ಒಮ್ಮೆ ಬೆಳ್ತಂಗಡಿ ಕಡೆಯ ಹುಡುಗನೊಬ್ಬ, "ಕೆತ್ತಿದವ ಜಿರಾಫೆ ಕಂಡಿದ್ದನಾ ಸರ್?" ಎಂದು ಕೇಳಿದ್ದ. "ಕಂಡವರು ವ್ಯಾಪಾರಿಗಳು. ಶಿಲ್ಪಿ ಊರಲ್ಲೇ ಕುಳಿತು ಅವರ ಬಾಯಿಮಾತು ಕೇಳಿ ಕೆತ್ತಿರಬೇಕು" ಎಂದಿದ್ದೆ.

ಬಾಗಿಲು ಬಡಿದ ಸದ್ದಾಯಿತು. ಹಾಸಿಗೆ ಸರಿಪಡಿಸುವವನು ಒಳಗೆ ಬಂದವನೇ ಕಂಬದಂತೆ ನಿಂತ.

"ಸರ್, ನೀವಾ? ಗುರ್ತ ಸಿಕ್ಕಿತಾ? ನಾನು ಜಿರಾಫೆ ಕೇಳಿದವ."

ಗುರುತು ಸಿಕ್ಕಿತು. ಆದರೆ ಸಿಕ್ಕಿದ್ದು ಜಿರಾಫೆಯಿಂದಲ್ಲ. ಕಡೆಯ ಬೆಂಚಿನಲ್ಲಿ ಮೂರು ದಿನ ಬಿಡದೆ ತೂಕಡಿಸಿದವನೂ ಇವನೇ. "ನಿದ್ದೆ ಮಾಡುವವರಿಗೆ ಮನೆ ಉಂಟು" ಎಂದು ನಾನು ಹೊರಗೆ ಕಳುಹಿಸಿದ್ದೆ. ತರಗತಿ ಗೊಳ್ಳೆಂದು ನಕ್ಕಿತ್ತು. ಆಮೇಲೆ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದವನೂ ನಾನೇ.

ಹೊದಿಕೆಯ ಸುಕ್ಕು ಬಿಡಿಸುತ್ತ ಅವನು ಹೇಳಿದ. 2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ ಚಾರ್ಮಾಡಿ ಕಡೆಯ ತೋಟಗಳಿಗೆ ನುಗ್ಗಿತಲ್ಲ, ಅದರಲ್ಲಿ ಅವರ ಅಡಿಕೆ ತೋಟವೂ ಮರಳಿನ ಕೆಳಗೆ ಹೋಯಿತು. ಆ ಬೇಸಗೆಯಲ್ಲಿ ಅವನು ಕಂಡವರ ಮನೆಗಳಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದು ಬೆಳಿಗ್ಗೆ ಕಾಲೇಜಿಗೆ ಬರುತ್ತಿದ್ದ.

"ನನಗೆ ಹೇಳಬಾರದಿತ್ತೇ ಮಾರಾಯಾ?"

"ನೀವು ಕೇಳಲಿಲ್ಲ ಸರ್." ಕೂಡಲೇ ನನ್ನ ಮುಖ ನೋಡಿ, "ಬೇಸರ ಏನಿಲ್ಲ. ನಿದ್ದೆ ಬಂದದ್ದು ಹೌದಲ್ಲ!" ಎಂದು ನಕ್ಕುಬಿಟ್ಟ.

ಈಗ ಎಲ್ಲಿದ್ದೀ ಎಂದು ವಿಚಾರಿಸಿದೆ. ಊರಿನ ಹೊರಗೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಂತೆ. ಒಂದು ಕೋಣೆಯಲ್ಲಿ ಆರು ಮಂದಿ.

ಸಂಜೆ ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಆ ರಾತ್ರಿ ಗುಂಡಿಗಳೆಲ್ಲ ಸರಿಯಾಗಿ ತಿಳಿದಿದ್ದರೂ ನಿದ್ದೆ ಮಾತ್ರ ಹತ್ತಲಿಲ್ಲ. ಬೆಳಿಗ್ಗೆ ಅವನು ಬರುವ ಮೊದಲೇ ಹಾಸಿಗೆಯನ್ನು ನಾನೇ ಮಡಚಿ ಇಟ್ಟೆ. ಹುಡುಗ ಗಾಬರಿಯಾದ. "ಹೀಗೆಲ್ಲ ಮಾಡಬೇಡಿ ಸರ್. ಮೇಲಿನವರು ಕಂಡರೆ ನನ್ನನ್ನು ಕೇಳುತ್ತಾರೆ" ಎಂದು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಸಿದ. ಪ್ರಾಯಶ್ಚಿತ್ತ ಮಾಡಹೊರಟು ಅವನಿಗೆ ಇಮ್ಮಡಿ ಕೆಲಸ ಕೊಟ್ಟಂತಾಯಿತು. ಹೊರಡುವಾಗ ಖರ್ಜೂರದ ಒಂದು ಪೊಟ್ಟಣ ತಂದು, "ಅಮ್ಮನಿಗೆ" ಎಂದ.

ಮರುವಾರ ಬೆಳ್ತಂಗಡಿ ದಾಟಿ ಚಾರ್ಮಾಡಿ ಕಡೆಗೆ ಹೋದೆ. ಬೆಲ್ಲ ನೀರು ಕೊಟ್ಟು ಕೂರಿಸಿದ ಆ ತಾಯಿ ಪೊಟ್ಟಣವನ್ನು ಬಿಚ್ಚಲೇ ಇಲ್ಲ, ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಮಗ ನೀರಿನ ಬದಿಯ ದೊಡ್ಡ ಬಂಗ್ಲೆಯಲ್ಲಿ ಇರುವುದಂತಲ್ಲ ಮಾಷ್ಟ್ರೆ? ಹೋದ ಏಪ್ರಿಲಿನಲ್ಲಿ ಅಲ್ಲಿಯೂ ಮಳೆ ಬಂದು ಊರೆಲ್ಲ ಮುಳುಗಿದ್ದನ್ನು ಟೀವಿಯಲ್ಲಿ ತೋರಿಸಿದರು. ಆ ಮೇಲೆ ನನಗೆ ಸಮ ನಿದ್ದೆ ಇಲ್ಲ. ಅವನಿರುವಲ್ಲಿಗೆ ನೀರು ಬರುತ್ತದಾ?"

ತರಗತಿಯಲ್ಲಿ ಕೇಳದೆ ಬಿಟ್ಟವನು ಇಲ್ಲಿ ಉತ್ತರ ಹೇಳಲೇಬೇಕಾಗಿತ್ತು.

"ಇಲ್ಲ ಅಮ್ಮ," ಎಂದೆ. "ಅವನು ಮಲಗುವ ಜಾಗಕ್ಕೂ ಆ ನೀರಿಗೂ ಬಹಳ ದೂರ."